ರೆಡ್ ಹುಕ್‌ನ ಆ ನಾಲ್ಕು ಜನ

‘ಅಪ್ಪಾ, ಎಡ್ಡಿ ಕ್ಯಾಥರೀನ್‌ಗೆ ಕನ್ನಡದಲ್ಲಿ ಏನಾಗಬೇಕು?’

ಮಗಳು ಹೀಗೆ ಕೇಳಿದಾಗ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಅವಳಿಗೀಗ 17. ಇಲ್ಲಿ ನ್ಯೂಜೆರ್ಸಿಯ ಹೈಸ್ಕೂಲಿನಲ್ಲಿ ಓದುತ್ತಾಳೆ. ಆರ್ಥರ್ ಮಿಲ್ಲರ್ ಬರೆದ ‘ಎ ವ್ಯೂ ಫ್ರಮ್ ದ ಬ್ರಿಡ್ಜ್’ ನಾಟಕ ಅವಳಿಗೆ ಪಾಠಕ್ಕಿದೆ. ಎಡ್ಡಿ ಕಾರ್ಬೋನ್ ನ್ಯೂಯಾರ್ಕಿನ ಬ್ರೂಕ್ಲಿನ್ ಬಂದರಿನಲ್ಲಿ ಹಡಗಿನಿಂದ ಮಾಲು ಇಳಿಸುವ ಹಮಾಲ, ಇರುವುದು ಅಲ್ಲೇ ರೆಡ್ ಹುಕ್ ಅನ್ನುವ ಕೇರಿಯಲ್ಲಿ. ಕ್ಯಾಥರೀನ್ ಅವನ ಹೆಂಡತಿ ಬಿಯಾಟ್ರಿಸ್‌ಳ ಒಡಹುಟ್ಟಿದವಳ ಮಗಳು. ತಾಯಿ ಸಾಯುವಾಗ ಎಡ್ಡಿ ಮಾತು ಕೊಟ್ಟಿದ್ದಾನೆ, ಸಾಕಿ ದೊಡ್ಡವಳನ್ನಾಗಿ ಮಾಡಿದ್ದಾನೆ.

‘ಚಿಕ್ಕಪ್ಪ. ಇಲ್ಲಾ ದೊಡ್ಡಪ್ಪ’ ಅಂದೆ.

‘ಅಂದ್ರೆ ಅಪ್ಪಾನೇ!’ ಅಂದಳು. ‘ಛೀ’ ಅಂತ ಮುಖ ಸಿಂಡರಿಸಿ ಮಹಡಿ ಹತ್ತಿ ಹೋದಳು.

ಇಂಗ್ಲಿಷಿನಲ್ಲಿ ಅವನು ಬರೀ ಅಂಕಲ್. ಅಂಕಲ್ ಅಂದರೆ ಯಾರು ಬೇಕಾದರೂ ಆಗಬಹುದು, ಪಕ್ಕದ ಮನೆಯವನೂ ಅಂಕಲ್ಲೇ. ಹಾಗಾಗಿ ಎಡ್ಡಿಗೆ ಈ ಹುಡುಗಿಯ ಮೇಲಿರುವ ಅಕ್ಕರೆ ಎಲ್ಲಿ ಗೆರೆ ದಾಟಿತು ಅಂತ ನೋಡುವವರಿಗೆ ನಿಧಾನವಾಗಿ ಅರ್ಥವಾಗುತ್ತಾ ಹೋಗುತ್ತದೆ. ಕನ್ನಡದಲ್ಲಿ ಆ ನಿಧಾನಕ್ಕೆ ಜಾಗ ಇಲ್ಲ. ಅವಳು ಒಂದು ಸಲ ಬಾಯಿ ತುಂಬ ‘ಚಿಕ್ಕಪ್ಪಾ’ ಅಂದರೆ ಸಾಕು, ಮೊದಲ ದೃಶ್ಯದಲ್ಲೇ ಹೊಟ್ಟೆ ತೊಳಸುತ್ತದೆ.

ಇನ್ನೂ ತಮಾಷೆ ಇರುವುದು ರೊಡಾಲ್ಫೋನ ವಿಷಯದಲ್ಲಿ. ಸಿಸಿಲಿಯಿಂದ ಇಬ್ಬರು ಅಣ್ಣತಮ್ಮಂದಿರು, ಮಾರ್ಕೋ ಮತ್ತು ರೊಡಾಲ್ಫೋ, ಕಾಗದಪತ್ರ ಇಲ್ಲದೆ ಹಡಗಿನಲ್ಲಿ ಬಂದು ಎಡ್ಡಿ ಮನೆಯಲ್ಲಿ ಉಳಿದುಕೊಳ್ಳುತ್ತಾರೆ. ತಮ್ಮನಿಗೂ ಕ್ಯಾಥರೀನ್‌ಗೂ ಪ್ರೀತಿ ಹುಟ್ಟುತ್ತದೆ. ಇವರಿಬ್ಬರೂ ಬಿಯಾಟ್ರಿಸ್‌ಗೆ ಕಸಿನ್. ಕಸಿನ್ ಅಂದರೆ ಯಾರ ಕಡೆಯವರು? ಅವಳ ಚಿಕ್ಕಮ್ಮನ ಮಕ್ಕಳಾದರೆ ಅವಳಿಗೆ ತಮ್ಮಂದಿರಾಗಬೇಕು. ಆಗ ರೊಡಾಲ್ಫೋ ಕ್ಯಾಥರೀನ್‌ಗೆ ಸೋದರಮಾವ. ನಮ್ಮ ಹಾಸನದ ಕಡೆ ಅನೇಕರಲ್ಲಿ ಅಕ್ಕನ ಮಗಳನ್ನ ತಂದುಕೊಳ್ಳುವುದು ಸರಾಗ. ನಮ್ಮಜ್ಜಿ ಮದುವೆಯಾದದ್ದೇ ಸೋದರಮಾವನನ್ನ. (ಕರಾವಳಿಯ ಅಳಿಯಸಂತಾನದವರ ಮುಂದೆ ಈ ಮಾತು ಎತ್ತಬೇಡಿ, ಅವರಲ್ಲಿ ಇದು ಆಗದು.) ಅದೇ ಅವನು ಬಿಯಾಟ್ರಿಸ್‌ಳ ಅತ್ತೆ ಮಗನೋ ಮಾವನ ಮಗನೋ ಆದರೆ ಲೆಕ್ಕ ತಿರುಗಿ ಬೀಳುತ್ತದೆ. ಅವನು ಬಿಯಾಟ್ರಿಸ್‌ಗೇ ವರ. ಕ್ಯಾಥರೀನ್‌ಗೆ ಚಿಕ್ಕಪ್ಪನ ಸಮಾನ, ಮದುವೆ ಮಾತೇ ಇಲ್ಲ. ಈ ನಾಟಕವನ್ನ ಕನ್ನಡಕ್ಕೆ ತರುವವರು ಮೊದಲು ಇದನ್ನ ತೀರ್ಮಾನ ಮಾಡಬೇಕು. ಎಡ್ಡಿ ಸಿಟ್ಟಾಗುವುದು ಸರಿಯೋ ತಪ್ಪೋ ಅನ್ನುವುದು ಆ ಒಂದೇ ಪದದಲ್ಲಿ ತೀರ್ಮಾನವಾಗಿಬಿಡುತ್ತದೆ.

ಅಮ್ಮನಿಗೆ ಫೋನಿನಲ್ಲಿ ಕಥೆ ಹೇಳಿದೆ. ‘ಸೋದರಮಾವ ತಾನೇ? ಕೊಟ್ಟು ಮುಗಿಸೋದು ಬಿಟ್ಟು ಅವನಿಗೇನು ಬಂದಿತ್ತು ರೋಗ?’ ಅಂದರು.

ಎಡ್ಡಿಗೆ ಬಂದ ರೋಗಕ್ಕೆ ಅವನೇ ಇಟ್ಟುಕೊಂಡ ಹೆಸರು ಬೇರೆ. ಹುಡುಗ ಸರಿಯಿಲ್ಲ ಅನ್ನುತ್ತಾನೆ. ಕೂದಲು ಹೊಂಬಣ್ಣ. ಹಾಡುತ್ತಾನೆ, ಅಡುಗೆ ಮಾಡುತ್ತಾನೆ, ಹುಡುಗಿಗೆ ಬಟ್ಟೆ ಹೊಲಿದುಕೊಡುತ್ತಾನೆ. ಗಂಡಸಾ ಇವನು ಅಂತ. ನಮ್ಮ ಮದುವೆ ಮನೆಗಳಲ್ಲಿ ನೂರಾರು ಎಲೆಗೆ ಅಡುಗೆ ಮಾಡುವ ಭಟ್ಟರೆಲ್ಲ ಗಂಡಸರೇ, ಊರಿನ ದರ್ಜಿಯೂ ಗಂಡಸೇ. ಎಡ್ಡಿಯನ್ನ ಒಂದು ದಿನ ಹೊಳೆನರಸೀಪುರದ ಕಲ್ಯಾಣಮಂಟಪದ ಹಿಂದುಗಡೆ ನಿಲ್ಲಿಸಬೇಕಿತ್ತು ಅಂತ ನನಗೆ ಅನಿಸಿದ್ದುಂಟು. ಆದರೆ ಅಡುಗೆ, ಹೊಲಿಗೆ ಎಲ್ಲ ಸುಮ್ನೆ ನೆಪ. ಅಮೆರಿಕದ ಪೌರತ್ವ ಸಿಗಲಿ ಅಂತ ಮದುವೆಯಾಗುತ್ತಿದ್ದಾನೆ ಅನ್ನುವುದೂ ನೆಪವೇ. ವಕೀಲ ಆಲ್ಫಿಯೇರಿ ಹತ್ತಿರ ಹೋಗಿ ಕಾನೂನಿನಲ್ಲಿ ಏನಾದರೂ ದಾರಿ ಇದೆಯಾ ಅಂತ ಕೇಳುತ್ತಾನೆ. ಇಲ್ಲ ಅನ್ನುತ್ತಾನೆ ಆಲ್ಫಿಯೇರಿ. ಆಗ ರಂಗದ ಮೇಲೆ ಒಂದು ಟೆಲಿಫೋನ್ ಬೂತ್ ಮಂಕಾದ ನೀಲಿ ಬೆಳಕಿನಲ್ಲಿ ಕಾಣಿಸುತ್ತದೆ. ಎಡ್ಡಿ ಇಮಿಗ್ರೇಷನ್ ಆಫೀಸಿಗೆ ಫೋನ್ ಮಾಡುತ್ತಾನೆ. ತನ್ನ ಮನೆಯ ನೆಂಟರನ್ನ ತಾನೇ ಹಿಡಿದುಕೊಡುತ್ತಾನೆ.

ಇದು ಪೂರ್ತಿ ಕಟ್ಟುಕಥೆಯಲ್ಲ. ಬಂದರಿನ ಕೆಲಸಗಾರರ ನಡುವೆ ಓಡಾಡುತ್ತಿದ್ದ ವಕೀಲ ಗೆಳೆಯನೊಬ್ಬ ಮಿಲ್ಲರ್‌ಗೆ ಇಂಥದೇ ಸಂಗತಿ ಹೇಳಿದ್ದ. ತನ್ನ ಮನೆಯಲ್ಲೇ ಇದ್ದ ಇಬ್ಬರು ಅಣ್ಣತಮ್ಮಂದಿರನ್ನ ಹಮಾಲನೊಬ್ಬ ಹಿಡಿದುಕೊಟ್ಟ ಸಂಗತಿ. 1955ರಲ್ಲಿ ನ್ಯೂಯಾರ್ಕಿನಲ್ಲಿ ಒಂದಂಕದ ನಾಟಕವಾಗಿ ಬಂತು, ಅಷ್ಟೇನೂ ನಡೆಯಲಿಲ್ಲ. ಮಿಲ್ಲರ್ ಎರಡಂಕಕ್ಕೆ ಬೆಳೆಸಿದರು. 1956ರಲ್ಲಿ ಲಂಡನ್ನಿನಲ್ಲಿ ಪೀಟರ್ ಬ್ರೂಕ್ ಅದನ್ನ ಆಡಿಸಿದರು. ಅಲ್ಲಿ ಇನ್ನೊಂದು ಪಂಚಾಯ್ತಿ. ಎಡ್ಡಿ ಸಿಟ್ಟಿನಲ್ಲಿ ರೊಡಾಲ್ಫೋಗೆ ಮುತ್ತು ಕೊಡುವ ದೃಶ್ಯ ಇದೆಯಲ್ಲ, ಗಂಡಸು ಗಂಡಸಿಗೆ ಮುತ್ತು ಕೊಡುವುದನ್ನ ರಂಗದ ಮೇಲೆ ತೋರಿಸಬಾರದು ಅಂತ ಸರ್ಕಾರದ ಸೆನ್ಸಾರ್ ಬಿಗಿಹಿಡಿದರು. ಕೊನೆಗೆ ಥಿಯೇಟರನ್ನ ಸದಸ್ಯರಿಗೆ ಮಾತ್ರ ಅನ್ನುವ ಕ್ಲಬ್ಬು ಮಾಡಿ ಆಡಿದರು. ಮರ್ಯಾದೆ ಒಬ್ಬೊಬ್ಬರಿಗೆ ಒಂದೊಂದು ಕಡೆ ಇರುತ್ತೆ ನೋಡಿ.

ರೆಡ್ ಹುಕ್‌ನವರಿಗೆ ಅದು ಎಲ್ಲಿತ್ತು? ನಾಟಕ ಶುರುವಾಗಿ ಸ್ವಲ್ಪ ಹೊತ್ತಿಗೇ ಬಿಯಾಟ್ರಿಸ್ ಒಂದು ಹಳೇ ಕಥೆ ಹೇಳುತ್ತಾಳೆ. ನೆಂಟರು ಬರುವುದಕ್ಕೆ ಮುಂಚೆ, ಹುಡುಗಿ ಬಾಯಿ ಬಿಡದಿರಲಿ ಅಂತ. ವಿನ್ನಿ ಅನ್ನುವ 14 ವರ್ಷದ ಹುಡುಗ ಇದ್ದ. ಅವನ ಮನೆಯಲ್ಲಿ ಬಚ್ಚಿಟ್ಟುಕೊಂಡಿದ್ದ ಅಂಕಲ್ ಬಗ್ಗೆ ಇಮಿಗ್ರೇಷನ್‌ನವರಿಗೆ ಹೇಳಿಬಿಟ್ಟ. ಅವನ ಅಪ್ಪ, ಐದು ಜನ ಅಣ್ಣತಮ್ಮಂದಿರು ಸೇರಿ ಅವನನ್ನ ಮೂರು ಮಹಡಿ ಮೆಟ್ಟಿಲ ಮೇಲೆ ದರದರ ಎಳೆದುಕೊಂಡು ಬಂದರು. ತಲೆ ತೆಂಗಿನಕಾಯಿ ಥರ ಮೆಟ್ಟಿಲಿಗೆ ಬಡಿಯುತ್ತಿತ್ತಂತೆ. ತೆಂಗಿನಕಾಯಿ ಅಂತ ಮಿಲ್ಲರ್ ಅವರೇ ಬರೆದಿರೋದು, ನನ್ನ ಸೇರ್ಪಡೆ ಅಲ್ಲ. ಆಮೇಲೆ ಬೀದಿಯಲ್ಲಿ ಹೆತ್ತ ಅಪ್ಪನೇ ಅವನ ಮುಖಕ್ಕೆ ಉಗಿದ. ಈ ಕಥೆ ಕೇಳಿ ಎಡ್ಡಿ ಹೌದು ಹೌದು ಅಂತ ತಲೆ ಆಡಿಸುತ್ತಾನೆ. ಆಡಿದ ಮಾತನ್ನ ವಾಪಸ್ ತಗೊಳ್ಳೋಕಾಗಲ್ಲ, ಹುಷಾರು ಅಂತ ಹುಡುಗಿಗೆ ಅವನೇ ಬುದ್ಧಿ ಹೇಳುತ್ತಾನೆ.

ನನ್ನ ತಲೆ ಕೆಡಿಸಿದ್ದು ಇದು. ಆ ಕೇರಿಯಲ್ಲಿ ಕ್ಯಾಥರೀನ್ ಯಾರನ್ನ ಕಟ್ಟಿಕೊಳ್ಳುತ್ತಾಳೆ ಅಂತ ಯಾರೂ ತಲೆ ಕೆಡಿಸಿಕೊಂಡಿಲ್ಲ. ಎಡ್ಡಿಯ ಜೊತೆ ಹಡಗಿನಲ್ಲಿ ದುಡಿಯುವ ಲೂಯಿ, ಮೈಕ್ ಇಬ್ಬರೂ ರೊಡಾಲ್ಫೋ ಇದ್ದರೆ ನಗು ತಡೆಯೋಕಾಗಲ್ಲ, ಒಳ್ಳೇ ಮಜಾ ಮನುಷ್ಯ ಅಂತ ಹೇಳಿಕೊಂಡು ಓಡಾಡುತ್ತಾರೆ. ಮನೆ ಮರ್ಯಾದೆ, ಹುಡುಗಿಯ ಭವಿಷ್ಯ ಅಂತ ಹಾರಾಡುವವನು ಎಡ್ಡಿ ಒಬ್ಬನೇ. ಅದೂ ತನ್ನ ಒಳಗಿನ ಹುಳುಕು ತನಗೇ ಕಾಣದ ಹಾಗೆ. ಆ ಕೇರಿಗೆ ಮರ್ಯಾದೆ ಇದ್ದದ್ದು ಬಾಗಿಲಲ್ಲಿ. ಊರಿಂದ ಬಂದವನಿಗೆ ಬಾಗಿಲು ತೆಗೆ, ಒಳಗೆ ಬಂದವನ ಬಗ್ಗೆ ಹೊರಗೆ ಬಾಯಿ ಬಿಡಬೇಡ. ಅಷ್ಟೇ.

ನಮ್ಮದನ್ನ ಇದರ ಪಕ್ಕ ಇಟ್ಟು ನೋಡಿ. ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾಯಿತು, ಅದಕ್ಕೆ ಅಪ್ಪಂದಿರ ಪ್ರಾಣ ಹೋಯಿತು. ಕಾರ್ನಾಡರ ‘ತಲೆದಂಡ’ ನೋಡಿದವರಿಗೆ ಆ ದಿಗಿಲು ಗೊತ್ತು. ಎಂಟುನೂರು ವರ್ಷ ದಾಟಿದರೂ ನಮ್ಮ ಮರ್ಯಾದೆ ಇನ್ನೂ ಮದುವೆ ಚಪ್ಪರ ಬಿಟ್ಟು ಕದಲಿಲ್ಲ. ಇಲ್ಲಿ ಅಮೆರಿಕದಲ್ಲಿಯೂ ಅಷ್ಟೇ. ಪರಿಚಯದವರೊಬ್ಬರ ಮಗಳು ಬೇರೆ ಕಡೆಯವನನ್ನ ಮದುವೆಯಾದಳು ಅಂತ ಅವರು ಎರಡು ವರ್ಷ ಯುಗಾದಿ ಕಾರ್ಯಕ್ರಮಕ್ಕೆ ಮುಖ ತೋರಿಸಲಿಲ್ಲ. ಯಾರೂ ಬರಬೇಡಿ ಅನ್ನಲಿಲ್ಲ ಬಿಡಿ. ಒಬ್ಬಟ್ಟಿನ ಸಾಲಿನಲ್ಲಿ ನಿಂತು ‘ಮಗಳು ಹೇಗಿದಾಳೆ?’ ಅಂತ ಕೇಳುವ ಧಾಟಿ ಇರುತ್ತಲ್ಲ, ಅದಕ್ಕೇ ಹೆದರಿದರು. ‘ನಾಲ್ಕು ಜನ ಏನಂತಾರೆ’ ಅನ್ನುವ ಆ ನಾಲ್ಕು ಜನ ಲಗೇಜಿನ ಜೊತೆ ನಮ್ಮ ಹಿಂದೆಯೇ ಬಂದಿದ್ದಾರೆ. ಆದರೆ ನಮ್ಮ ಆ ನಾಲ್ಕು ಜನಕ್ಕೂ ರೆಡ್ ಹುಕ್‌ನ ನಾಲ್ಕು ಜನಕ್ಕೂ ತುಂಬ ವ್ಯತ್ಯಾಸ ಇದೆ.

ಅವರು ಬಚ್ಚಿಟ್ಟುಕೊಂಡು ಬರಬೇಕಾಗಿದ್ದು ಯಾಕೆ ಅನ್ನುವುದನ್ನೂ ಹೇಳಬೇಕು. 1924ರ ಕಾನೂನು ದೇಶಕ್ಕಿಷ್ಟು ಅಂತ ಪಾಲು ಹಂಚಿತು. ಯುದ್ಧ ಮುಗಿದು ಇಟಲಿ ಹೊಟ್ಟೆಗಿಲ್ಲದೆ ಒದ್ದಾಡುವಾಗಲೂ ಇಡೀ ಇಟಲಿಗೆ ಸಿಗುತ್ತಿದ್ದದ್ದು ವರ್ಷಕ್ಕೆ 6,000ಕ್ಕೂ ಕಡಿಮೆ. ಮಾರ್ಕೋಗೆ ಊರಿನಲ್ಲಿ ಮೂರು ಮಕ್ಕಳು, ದೊಡ್ಡದಕ್ಕೆ ಎದೆ ಕಾಯಿಲೆ. ಸಾಲಿನಲ್ಲಿ ಕಾಯೋಕೆ ಅವನಿಗೆ ಪುರುಸೊತ್ತಿಲ್ಲ. ಇಂಥವರನ್ನ ಬಂದರಿನವರು ‘ಸಬ್‌ಮರೀನ್’ ಅನ್ನುತ್ತಿದ್ದರು, ನೀರಿನ ಅಡಿಯಲ್ಲೇ ಇರುವವರು ಅಂತ. ಕರೆತಂದ ದಲ್ಲಾಳಿಗಳೇ ಅವರಿಗೆ ಕೆಲಸ ಕೊಡಿಸುತ್ತಿದ್ದರು, ಸಾಲ ತೀರುವ ತನಕ. ಆಮೇಲೆ ಅವರವರ ಹಣೆಬರಹ. ಅದೇ ಹೊತ್ತಿನಲ್ಲಿ ಇಂಡಿಯಾಕ್ಕೆ ಇದ್ದ ಪಾಲು ಎಷ್ಟು ಗೊತ್ತಾ? ವರ್ಷಕ್ಕೆ 100. ಅದೂ 1946ರಲ್ಲಿ ದಯಪಾಲಿಸಿದ್ದು. 1965ರಲ್ಲಿ ಆ ಕಾನೂನು ಹೋದ ಮೇಲೆ ತಾನೇ ನಮ್ಮ ಡಾಕ್ಟರುಗಳು, ಇಂಜಿನಿಯರುಗಳು ಸೂಟುಕೇಸ್ ಹಿಡಿದು ಬಂದದ್ದು, ಕನ್ನಡ ಕೂಟ ಕಟ್ಟಿದ್ದು. ಆ ಬಾಗಿಲಿನಿಂದ ಬಂದವರು ನಾವು. ಈಗಲೂ ಗ್ರೀನ್ ಕಾರ್ಡಿನಲ್ಲಿ ಒಂದು ದೇಶಕ್ಕೆ ನೂರಕ್ಕೆ 7ರ ಮಿತಿ ಇದೆ. ಅದರಿಂದಲೇ ನಮ್ಮವರು ಹತ್ತು ಹದಿನೈದು ವರ್ಷ ಕಾಯುತ್ತಾ ಕೂತಿರುವುದು. ನಾನೂ ಕಾಯುತ್ತಾ ಕೂತಿದ್ದೇನೆ. ಆದರೂ ಪೇಪರ್ ಇಲ್ಲದವರ ಮಾತು ಬಂದರೆ ನಮ್ಮವರು ಮೂಗು ಮುರಿಯುವುದು ಮಾತ್ರ ತಪ್ಪಿಲ್ಲ. ‘ನಾವೆಲ್ಲ ಲೀಗಲ್ಲಾಗಿ ಬಂದವರು’ ಅನ್ನುವ ಮಾತನ್ನ ನಾನು ಎಷ್ಟು ಊಟದ ಮನೆಗಳಲ್ಲಿ ಕೇಳಿದ್ದೇನೋ. ನಾನೇ ಹೇಳಿಯೂ ಇರಬಹುದು.

ನಾಟಕವನ್ನ ನಾನು ರಂಗದ ಮೇಲೆ ನೋಡಿದ್ದು 2015ರ ಚಳಿಗಾಲದಲ್ಲಿ, ಬ್ರಾಡ್‌ವೇಯ ಲೈಸಿಯಂ ಥಿಯೇಟರಿನಲ್ಲಿ. ಇವೋ ವ್ಯಾನ್ ಹೋವ ನಿರ್ದೇಶನ, ಎಡ್ಡಿಯಾಗಿ ಮಾರ್ಕ್ ಸ್ಟ್ರಾಂಗ್. ಮನೆಯಿಲ್ಲ, ಮೇಜಿಲ್ಲ, ಬರಿಗಾಲಿನ ನಟರು, ಸುತ್ತ ಖಾಲಿ ಚೌಕ. ಕೊನೆಯಲ್ಲಿ ಎಲ್ಲರೂ ಒಂದೇ ಮುದ್ದೆಯಾಗಿ ಹೆಣೆದುಕೊಂಡು ನಿಂತಾಗ ಮೇಲಿಂದ ಕೆಂಪು ಮಳೆ ಸುರಿಯುತ್ತದೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಆದರೆ ಹೊರಗೆ ಬಂದ ಮೇಲೆ ಏನೋ ಕೊರತೆ ಅನಿಸಿತು. ಆಮೇಲೆ ಪುಸ್ತಕ ಓದಿದಾಗ ಗೊತ್ತಾಯಿತು. ಅಲ್ಲಿ ಬೀದಿಯೇ ಇರಲಿಲ್ಲ. ಮನುಷ್ಯನ ಒಳಗಿನ ಬೆಂಕಿ ಇತ್ತು, ಅದನ್ನ ನೋಡುತ್ತಾ ನಿಂತ ನೆರೆಹೊರೆ ಇರಲಿಲ್ಲ. ನನ್ನ ಮಟ್ಟಿಗೆ ಈ ನಾಟಕ ಇರುವುದೇ ಬೀದಿಯಲ್ಲಿ.

ಬರೆದದ್ದರಲ್ಲಿ ಹೀಗಿದೆ. ಎಡ್ಡಿ ಫೋನ್ ಮಾಡಿ ಮನೆಗೆ ಬರುತ್ತಾನೆ. ನೋಡಿದರೆ ನೆಂಟರನ್ನ ಬಿಯಾಟ್ರಿಸ್ ಆಗಲೇ ಮಹಡಿ ಮೇಲಿನ ಮನೆಗೆ ಸಾಗಿಸಿದ್ದಾಳೆ. ಅಲ್ಲಿ ಇನ್ನಿಬ್ಬರು ಸಬ್‌ಮರೀನುಗಳು ಇದ್ದಾರೆ, ಕಟುಕ ಲಿಪಾರಿಯ ಕಡೆಯ ಹುಡುಗರು. ಅದನ್ನ ಕೇಳಿ ಎಡ್ಡಿಗೆ ಕೈಕಾಲು ಬಿದ್ದುಹೋಗುತ್ತದೆ. ತನ್ನ ನೆಂಟರ ಜೊತೆ ಊರಿನವರ ನೆಂಟರನ್ನೂ ಹಿಡಿದುಕೊಟ್ಟ ಹಾಗಾಯಿತಲ್ಲ. ಬೇಗ ಬೇರೆ ಕಡೆ ಕಳಿಸಿ ಅಂತ ಒದ್ದಾಡುತ್ತಾನೆ. ಅಷ್ಟರಲ್ಲಿ ಬಾಗಿಲು ಬಡಿಯುತ್ತಾರೆ. ನಾಲ್ವರನ್ನೂ ಕೆಳಗೆ ತರುತ್ತಾರೆ. ಮಾರ್ಕೋ ಬಿಡಿಸಿಕೊಂಡು ಬಂದು ಎಡ್ಡಿಯ ಮುಖಕ್ಕೆ ಉಗಿಯುತ್ತಾನೆ. ಇವನು ನನ್ನ ಮಕ್ಕಳನ್ನ ಕೊಂದ ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಾನೆ. ಎಡ್ಡಿ ಲಿಪಾರಿ ಕಡೆ ತಿರುಗುತ್ತಾನೆ, ಲಿಪಾರಿ ಹೆಂಡತಿಯನ್ನ ಕರೆದುಕೊಂಡು ಹೊರಟುಹೋಗುತ್ತಾನೆ. ಲೂಯಿ, ಮೈಕ್ ಕಡೆ ತಿರುಗುತ್ತಾನೆ, ಅವರೂ ಬೆನ್ನು ತಿರುಗಿಸಿ ನಡೆಯುತ್ತಾರೆ. ಒಬ್ಬರೂ ಬೈಯುವುದಿಲ್ಲ. ಚಾಕು ಆಮೇಲೆ ಬರುತ್ತದೆ, ಆದರೆ ಎಡ್ಡಿ ಸತ್ತದ್ದು ಇಲ್ಲೇ.

ಅಲ್ಲಿಂದ ಮುಂದೆ ಅವನ ಬಾಯಲ್ಲಿ ಒಂದೇ ಮಾತು. ನನ್ನ ಹೆಸರು ನನಗೆ ವಾಪಸ್ ಕೊಡು. ‘ಹೆಸರು’ ಅನ್ನುವುದನ್ನ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಹೆಸರು ಉಳಿಸಿದ, ಹೆಸರು ಕೆಡಿಸಿದ, ಹೆಸರಿಗೆ ಮಸಿ ಬಳಿದ. ಮಿಲ್ಲರ್‌ಗೂ ಆ ದಿನಗಳಲ್ಲಿ ಈ ಪದ ಸುಡುತ್ತಿತ್ತು. 1956ರ ಜೂನ್‌ನಲ್ಲಿ ಅವರನ್ನ ಅಮೆರಿಕ ಸಂಸತ್ತಿನ ಸಮಿತಿ ಮುಂದೆ ನಿಲ್ಲಿಸಿ, ಕಮ್ಯುನಿಸ್ಟ್ ಸಭೆಗಳಲ್ಲಿ ಯಾರ್‍ಯಾರು ಇದ್ದರು, ಹೆಸರು ಹೇಳಿ ಅಂದರು. ಅವರು ಹೇಳಲಿಲ್ಲ. 1957ರಲ್ಲಿ ಅಪರಾಧಿ ಅನ್ನಿಸಿಕೊಂಡರು, 1958ರಲ್ಲಿ ಮೇಲಿನ ಕೋರ್ಟು ಆ ತೀರ್ಪು ತಳ್ಳಿಹಾಕಿತು. ಅವರ ಗೆಳೆಯ, ನಿರ್ದೇಶಕ ಎಲಿಯಾ ಕಜಾನ್ 1952ರಲ್ಲೇ ಹೆಸರು ಹೇಳಿ ಬಂದಿದ್ದರು. ಬೇರೆಯವರ ಹೆಸರು ಹೇಳಿದವನಿಗೆ ತನ್ನ ಹೆಸರು ಉಳಿಯುವುದಿಲ್ಲ ಅನ್ನುವ ಮಾತು ಮಿಲ್ಲರ್‌ಗೆ ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋಗಬೇಕಿಲ್ಲ.

ಈಗ ನನ್ನದು.

2017ರ ಡಿಸೆಂಬರ್. ನಮ್ಮಮ್ಮನ ಚಿಕ್ಕಮ್ಮನ ಮೊಮ್ಮಗ ಒಬ್ಬ ಎಂಎಸ್ ಮುಗಿಸಿ ಕೆಲಸ ಹುಡುಕುತ್ತಿದ್ದ. ಸಿಗಲಿಲ್ಲ. ಓದು ಮುಗಿದ ಮೇಲೆ ಕೆಲಸ ಮಾಡೋಕೆ ಕೊಡುವ ಓಪಿಟಿಯೂ ಮುಗಿಯಿತು, ಅದರ ಮೇಲೆ ದೇಶ ಬಿಡೋಕೆ ಅಂತ ಕೊಡುವ 60 ದಿನವೂ ಮುಗಿಯಿತು. ಊರಿನಲ್ಲಿ ಅವನ ಓದಿಗೆ ಮಾಡಿದ ಸಾಲ ಹಾಗೇ ಇತ್ತು. ಬಸ್ಸಿನಲ್ಲಿ ಬಂದ. ಕೈಯಲ್ಲಿ ಒಂದು ಸೂಟುಕೇಸ್, ಒಂದು ರೈಸ್ ಕುಕ್ಕರ್. ‘ಮಾಮ, ಎರಡು ತಿಂಗಳು’ ಅಂದ. ಬೇಸ್‌ಮೆಂಟಿನಲ್ಲಿ ಹಾಸಿಗೆ ಹಾಕಿಕೊಟ್ಟೆವು. ಮಗಳಿಗೆ ಲೆಕ್ಕ ಹೇಳಿಕೊಡುತ್ತಿದ್ದ. ಬೆಳಿಗ್ಗೆ ನಾನು ಏಳುವುದರೊಳಗೆ ಡಿಕಾಕ್ಷನ್ ಇಳಿಸಿ ಇಟ್ಟಿರುತ್ತಿದ್ದ.

ಎಡ್ಡಿಯಾದರೂ ವಕೀಲನ ಹತ್ತಿರ ಹೋದ. ನಾನು ರಾತ್ರಿ ಹನ್ನೆರಡು ಗಂಟೆಗೆ ಗೂಗಲ್ ಕೇಳಿದೆ. ಪೇಪರ್ ಇಲ್ಲದವರನ್ನ ಮನೆಯಲ್ಲಿ ಬಚ್ಚಿಟ್ಟುಕೊಳ್ಳುವುದೂ ಅಪರಾಧ ಅಂತ ಎಲ್ಲೋ ಓದಿದೆ. ನೆಂಟ ನಾಲ್ಕು ದಿನ ಇದ್ದರೆ ಅದು ಬಚ್ಚಿಟ್ಟುಕೊಂಡ ಹಾಗೆ ಆಗುತ್ತಾ ಅಂತ ತಿಳಿದವರನ್ನ ಕೇಳಲಿಲ್ಲ. ನನ್ನ ಗ್ರೀನ್ ಕಾರ್ಡ್ ಅರ್ಜಿ, ಮನೆ ಸಾಲ, ಮಗಳ ಶಾಲೆ ಎಲ್ಲ ಕಣ್ಣ ಮುಂದೆ ಬಂತು. 11ನೇ ದಿನ ಅವನಿಗೆ ಹೇಳಿದೆ, ‘ಬೇರೆ ಎಲ್ಲಾದರೂ ನೋಡ್ಕೋ ಮರಿ, ನಮ್ಮ ಕೇಸ್ ನಡೀತಾ ಇದೆ.’ ಅವನು ಜಾಸ್ತಿ ಮಾತಾಡಲಿಲ್ಲ. ಮಾರನೇ ದಿನ ನೋಡಿದರೆ ಹೊದಿಕೆ ನಾಲ್ಕು ಮಡಿಕೆ ಮಾಡಿ, ಮೇಲೆ ದಿಂಬು ಇಟ್ಟು, ಕಾಫಿ ಫಿಲ್ಟರ್ ತೊಳೆದು ಬೋರಲು ಹಾಕಿದ್ದ. ಬಸ್ ಸ್ಟಾಂಡಿಗೆ ನಾನೇ ಬಿಟ್ಟು ಬಂದೆ. 200 ಡಾಲರ್ ಕೊಟ್ಟೆ, ಬೇಡ ಅಂದ, ಜೇಬಿಗೆ ತುರುಕಿದೆ.

ನಾನು ಯಾರಿಗೂ ಫೋನ್ ಮಾಡಲಿಲ್ಲ. ಅದನ್ನ ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಇಲ್ಲಿನ ಗೆಳೆಯರಿಗೆ ವಿಷಯ ತಿಳಿಯಿತು. ಒಬ್ಬರೂ ಬೆನ್ನು ತಿರುಗಿಸಲಿಲ್ಲ. ‘ಒಳ್ಳೇ ಕೆಲಸ ಮಾಡಿದ್ರಿ, ರಿಸ್ಕ್ ಯಾಕೆ ತಗೋಬೇಕು?’ ಅಂದರು. ಇದೇ ನಾಟಕಕ್ಕೆ ಎರಡು ವರ್ಷದ ಹಿಂದೆ ನನ್ನ ಜೊತೆ ಬಂದಿದ್ದವರೂ ಹಾಗೇ ಅಂದರು. ಅದೇ ನನ್ನ ಮಗಳು ನಾಳೆ ಯಾರನ್ನೋ ಕರೆದುಕೊಂಡು ಬಂದು ಇವನೇ ಅಂತ ನಿಲ್ಲಿಸಿದರೆ ಇವರೇ ಒಂದು ಸಲ ಪಕ್ಕದವರ ಮುಖ ನೋಡಿಕೊಳ್ಳುತ್ತಾರೆ. ನನಗೆ ಗೊತ್ತು. ನಾನೂ ಬೇರೆಯವರ ಮಗಳ ವಿಷಯದಲ್ಲಿ ನೋಡಿಕೊಂಡಿದ್ದೇನೆ. ಊರು ಬಿಡುವಾಗ ನಾವು ಮರ್ಯಾದೆಯಲ್ಲಿ ಯಾವ ತುಂಡು ಕಟ್ಟಿಕೊಂಡು ಬಂದೆವು, ಯಾವುದನ್ನ ಜಗುಲಿ ಮೇಲೆ ಬಿಟ್ಟು ಬಂದೆವು ಅಂತ ಆಗ ಯೋಚನೆಗೆ ಬಂತು. ನಮ್ಮ ತಾತನ ಮನೆಯಲ್ಲಿ ಯಾರ ಕಡೆಯವರೋ ಗೊತ್ತಿಲ್ಲದ ಹುಡುಗರು ಹಾಸನದ ಕಾಲೇಜಿಗೆ ಹೋಗಲು ವರ್ಷಗಟ್ಟಲೆ ಉಳಿದು ಊಟ ಮಾಡಿದ್ದಾರೆ. ಅವರನ್ನ ಕಳಿಸಿದ್ದರೆ ಊರು ತಾತನ ಮುಖಕ್ಕೆ ಉಗಿಯುತ್ತಿತ್ತು.

ವಕೀಲ ಆಲ್ಫಿಯೇರಿ ನಾಟಕದಲ್ಲಿ ಒಂದು ಮಾತು ಹೇಳುತ್ತಾನೆ. ಈಗೀಗ ನಾವು ಅರ್ಧಕ್ಕೆ ಒಪ್ಪಿಕೊಳ್ಳುವುದನ್ನ ಕಲಿತಿದ್ದೇವೆ, ಅದೇ ವಾಸಿ ಅಂತ. ಪೂರ್ತಿ ನ್ಯಾಯ ಬೇಕು ಅಂತ ಹಟ ಹಿಡಿದರೆ ಚಾಕು ಬರುತ್ತದೆ. ಇದನ್ನ ಕನ್ನಡಕ್ಕೆ ತರಲು ಬೆಂಗಳೂರಿನವರಿಗೆ ಒಂದು ಕ್ಷಣ ಸಾಕು: ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ನಾನು ಅಡ್ಜಸ್ಟ್ ಮಾಡಿಕೊಂಡೆ. ಅವನೂ ಮಾಡಿಕೊಂಡ. ಟೆಕ್ಸಾಸಿನಲ್ಲಿ ಗೆಳೆಯರ ಜೊತೆ ಕೆಲವು ತಿಂಗಳು ಇದ್ದು ಊರಿಗೆ ಹೋದ. ಈಗ ಬೆಂಗಳೂರಿನಲ್ಲಿ ಚೆನ್ನಾಗಿಯೇ ಇದ್ದಾನೆ.

ಹೋದ ವರ್ಷ ಹಾಸನದಲ್ಲಿ ಅವನ ತಂಗಿಯ ಮದುವೆ. ಹೋಗದೆ ಇರುವ ಹಾಗಿರಲಿಲ್ಲ. ಅವನೇ ಬಾಗಿಲಲ್ಲಿ ನಿಂತಿದ್ದ. ‘ಬನ್ನಿ ಮಾಮ, ಪ್ರಯಾಣ ಆರಾಮಾಗಿತ್ತಾ?’ ಅಂತ ಬ್ಯಾಗ್ ತೆಗೆದುಕೊಂಡ. ಊಟಕ್ಕೆ ಕೂತಾಗ ಅವನ ತಾಯಿ ಹೋಳಿಗೆ ಪಾತ್ರೆ ಹಿಡಿದು ನನ್ನ ಎಲೆ ಮುಂದೆ ಬಂದು ನಿಂತರು. ‘ಅಮೆರಿಕದಲ್ಲಿ ಇವನನ್ನ ಮನೇಲಿ ಇಟ್ಕೊಂಡು ನೋಡ್ಕೊಂಡ್ರಂತೆ, ಇವನು ಈಗಲೂ ಹೇಳ್ತಿರ್ತಾನೆ’ ಅಂದರು. ಎಲೆಗೆ ಎರಡು ಹೋಳಿಗೆ ಹಾಕಿ ತುಪ್ಪ ಸುರಿದರು. ಸಾಕು ಅಂದೆ. ‘ಇನ್ನೊಂದು, ಒಂದೇ ಒಂದು’ ಅಂತ ಮೂರನೆಯದನ್ನೂ ಹಾಕಿದರು.

ಅವನು ಎದುರು ಸಾಲಿನಲ್ಲಿ ಮಜ್ಜಿಗೆ ಬಡಿಸುತ್ತಿದ್ದ. ನನ್ನ ಕಡೆ ನೋಡಲಿಲ್ಲ.